ಬೆಡ್‌ಸೈಡ್ ಎಕೋ ಮಾಡೋದು ಹೇಗೆ: ರಾತ್ರಿ ಡ್ಯೂಟಿಯಲ್ಲಿ ಒಬ್ಬರೇ ಇರೋ ಜೂನಿಯರ್‌ಗಳಿಗೆ

ರಾತ್ರಿ ಎರಡೂವರೆಗೆ ಟೂಡಿ ಎಕೋ, ಅಂದ್ರೆ ಅಲ್ಟ್ರಾಸೌಂಡಲ್ಲಿ ಹೃದಯದ ಪೂರ್ತಿ ಪರೀಕ್ಷೆ, ಮಾಡೋರು ಯಾರೂ ಸಿಗಲ್ಲ. ನಾನು ಕೆಲಸ ಮಾಡೋದು ಮುಂಬೈ ಸೆಂಟ್ರಲ್ ಲೈನ್ ಕಡೆ, ಇಲ್ಲಿ ಮಧ್ಯಮ ಸೈಜಿನ ಆಸ್ಪತ್ರೆಗಳಿಗೆ ಬರೋ ಎಕೋ ಡಾಕ್ಟ್ರು ದಿನಕ್ಕೆ ನಾಲ್ಕೈದು ಕಡೆ ಸುತ್ತೋರು, ಮಳೆಗಾಲದಲ್ಲಿ ಟ್ರ್ಯಾಕ್ ಮೇಲೆ ನೀರು ನಿಂತು ಲೋಕಲ್ ನಿಂತ್ರೆ ಹಗಲಲ್ಲೂ ಬರಲ್ಲ. ಆಗ ಐಸಿಯುನಲ್ಲಿ ಬಿಪಿ 80 ಇರೋ ಪೇಷಂಟು, ಮೂಲೇಲಿ ನಿಂತಿರೋ ಅಲ್ಟ್ರಾಸೌಂಡ್ ಮಷಿನ್ನು, ನೀವು, ಇಷ್ಟೇ. ಹುಬ್ಬಳ್ಳಿ, ಶಿವಮೊಗ್ಗ, ಉಡುಪಿ ಕಡೆಯಿಂದ ಡಿಎನ್‌ಬಿ ಅನ್ನೋ ಸ್ಪೆಶಲಿಸ್ಟ್ ಓದಿಗೆ ಅಂತ ಇಲ್ಲಿಗೆ ಬರೋ ನಮ್ಮ ಹುಡುಗ್ರು ಹುಡುಗೀರು ಕ್ಯಾಂಟೀನಲ್ಲಿ ಸಿಕ್ಕಿ "ಸರ್, ಪ್ರೋಬ್ ಇಟ್ರೆ ಬರೀ ಬೂದಿ ಬೂದಿ ಕಾಣತ್ತೆ" ಅಂತಾರೆ, ಅವ್ರಿಗೆ ಟೀ ಕುಡೀತಾ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತಿದ್ದೀನಿ.

ಪ್ರೋಬ್ ಮುಟ್ಟೋಕ್ಕೆ ಮುಂಚೆ

ಮೊದಲು ಒಂದು ಪ್ರಶ್ನೆ ಬರ್ಕೊಳ್ಳಿ. ಮನಸ್ಸಲ್ಲಲ್ಲ, ಕೇಸ್ ಪೇಪರ್ ಮೇಲೆ. "ಬಿಪಿ ಯಾಕೆ ಬಿದ್ದಿದೆ, ಪಂಪ್ ಸರಿ ಇದ್ಯಾ?" ಅಂತ ಒಂದು ಸಾಲು ಸಾಕು. ಬೆಡ್‌ಸೈಡ್ ಎಕೋ ಅನ್ನೋದು ಕಾರ್ಡಿಯಾಲಜಿಸ್ಟ್ ಮಾಡೋ ಟೂಡಿ ಎಕೋದ ಚಿಕ್ಕ ತಮ್ಮ ಅಲ್ಲ, ಅದರ ಕೆಲಸಾನೇ ಬೇರೆ. ಇದು ಉತ್ತರ ಕೊಡೋದು ಐದು ಪ್ರಶ್ನೆಗೆ ಮಾತ್ರ: ಹೃದಯದ ಸುತ್ತ ನೀರು ಇದ್ಯಾ, ಎಡಗಡೆ ಪಂಪ್ ಹೇಗಿದೆ, ಬಲಗಡೆ ಉಬ್ಬಿದ್ಯಾ, ಐವಿಸಿ (ಮೈಯ ಕೆಳಭಾಗದ ರಕ್ತ ಹೃದಯಕ್ಕೆ ತರೋ ದೊಡ್ಡ ನಾಳ) ತುಂಬಿದ್ಯಾ ಖಾಲಿನಾ, ಕಣ್ಣಿಗೆ ಹೊಡೆಯೋ ಅಷ್ಟು ದೊಡ್ಡ ವಾಲ್ವ್ ತೊಂದರೆ ಏನಾದ್ರೂ ಇದ್ಯಾ. ವಾಲ್ವ್ ಗ್ರೇಡಿಯಂಟ್ (ವಾಲ್ವಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ) ಎಷ್ಟು, ವೆಜಿಟೇಶನ್ ಅನ್ನೋ ಸಣ್ಣ ಸೋಂಕಿನ ಗಂಟು ಇದ್ಯಾ, ಯಾವ ಗೋಡೆ ಎಷ್ಟು ಕಮ್ಮಿ ಅಲ್ಲಾಡ್ತಿದೆ ಇವೆಲ್ಲ ನಮ್ಮ ಲೆವೆಲ್ಲಿನದಲ್ಲ, ಅದಕ್ಕೆ ಬೆಳಗ್ಗೆ ಪೂರ್ತಿ ಎಕೋ ಮಾಡಿಸಬೇಕು. ಪ್ರಶ್ನೆ ಇಲ್ದೆ ಪ್ರೋಬ್ ಇಟ್ರೆ ಏನಾಗತ್ತೆ ಅಂದ್ರೆ ಏನೋ ಒಂದು ಕಾಣತ್ತೆ, ಕಂಡಿದ್ದಕ್ಕೆಲ್ಲ ಟ್ರೀಟ್‌ಮೆಂಟ್ ಶುರುವಾಗತ್ತೆ.

ಇನ್ನೊಂದು, ಇದನ್ನ ಯಾರೂ ಹೇಳಿಕೊಡಲ್ಲ, ಕಾನೂನು. ನಮ್ಮ ದೇಶದಲ್ಲಿ ಲಿಂಗ ಪತ್ತೆ ತಡೆಯೋ ಪಿಸಿಪಿಎನ್‌ಡಿಟಿ ಕಾಯ್ದೆ 1994ರದ್ದು, ಮಹಾರಾಷ್ಟ್ರ ಅದಕ್ಕೂ ಮುಂಚೆ 1988ರಲ್ಲೇ ದೇಶದಲ್ಲಿ ಮೊದಲು ತನ್ನದೇ ಕಾಯ್ದೆ ತಂದಿತ್ತು, ಹಾಗಾಗಿ ಈ ವಿಷಯದಲ್ಲಿ ಇಲ್ಲಿ ತಮಾಷೆ ನಡೆಯಲ್ಲ. "ನಾನು ಹೃದಯ ಮಾತ್ರ ನೋಡ್ತೀನಿ" ಅನ್ನೋ ಮಾತು ಕೆಲಸಕ್ಕೆ ಬರಲ್ಲ, ಮಷಿನ್ ರಿಜಿಸ್ಟರ್ ಆಗಿರಬೇಕು. ಪೋರ್ಟಬಲ್ ಮಷಿನ್ನಾದ್ರೆ ರಿಜಿಸ್ಟರ್ ಆದ ಆಸ್ಪತ್ರೆ ಒಳಗೆ ಅಡ್ಮಿಟ್ ಆದ ಪೇಷಂಟ್‌ಗಳಿಗೆ, ಇಲ್ಲಾಂದ್ರೆ ನಿಯಮದ ಪ್ರಕಾರ ಇರೋ ಮೊಬೈಲ್ ಮೆಡಿಕಲ್ ಯೂನಿಟ್‌ನಲ್ಲಿ ಮಾತ್ರ. ಫೋನಿಗೆ ಹಾಕ್ಕೊಳ್ಳೋ ಚಿಕ್ಕ ಪ್ರೋಬನ್ನ ವಿದೇಶದಲ್ಲಿರೋ ಭಾವನ ಹತ್ರ ತರಿಸಿ ಬ್ಯಾಗಲ್ಲಿಟ್ಕೊಂಡು ಹೋಂ ವಿಸಿಟ್ ಮಾಡೋ ಪ್ಲಾನ್ ಇದ್ರೆ ಇವತ್ತೇ ಬಿಟ್ಬಿಡಿ.

ಮಷಿನ್, ಮಂಚ, ಪೇಷಂಟು

ಫೇಸ್ಡ್ ಅರೇ ಪ್ರೋಬ್ ತಗೊಳ್ಳಿ, ಮುಖ ಚಿಕ್ಕದಾಗಿ ಚೌಕವಾಗಿರತ್ತಲ್ಲ ಅದು, ಪಕ್ಕೆಲುಬುಗಳ ಮಧ್ಯೆ ಕೂರತ್ತೆ. ಅದು ಇಲ್ಲದಿದ್ರೆ ಹೊಟ್ಟೆ ನೋಡೋ ಬಾಗಿದ ಪ್ರೋಬಲ್ಲೂ ಹೊಟ್ಟೆ ಕಡೆಯಿಂದ ಹೃದಯ ಚೆನ್ನಾಗೇ ಕಾಣತ್ತೆ. ಪ್ರೀಸೆಟ್ ಕಾರ್ಡಿಯಾಕ್‌ಗೆ ಹಾಕಿ. ಇದನ್ನ ಮರೆತ್ರೆ ಚಿತ್ರ ಎಳೆದ ಹಾಗೆ ನಿಧಾನ ಕಾಣತ್ತೆ, ಜೊತೆಗೆ ಸ್ಕ್ರೀನ್ ಮೇಲಿನ ಗುರುತಿನ ಚುಕ್ಕೆ ಎಡಗಡೆ ಇರತ್ತೆ. ಕಾರ್ಡಿಯಾಕ್‌ನಲ್ಲಿ ಚುಕ್ಕೆ ಬಲಗಡೆ ಇರಬೇಕು. ಡೌಟಿದ್ರೆ ಪ್ರೋಬಿನ ಗುರುತು ಇರೋ ತುದೀಲಿ ಜೆಲ್ ಹಚ್ಚಿ ಬೆರಳಾಡಿಸಿ, ಸ್ಕ್ರೀನಲ್ಲಿ ಚುಕ್ಕೆ ಇರೋ ಕಡೆ ಅಲ್ಲಾಡಿದ್ರೆ ಸರಿ. ಎರಡು ಸೆಕೆಂಡಿನ ಕೆಲಸ, ಎಡ ಬಲ ಉಲ್ಟಾ ಆಗೋದು ತಪ್ಪತ್ತೆ.

ಡೆಪ್ತ್ ಮೊದಲು 16 ಸೆಂಟಿಮೀಟರ್‌ಗೆ ಇಡಿ, ಕಮ್ಮಿ ಆಮೇಲೆ ಮಾಡ್ಕೊಳ್ಳಿ. ಗೇನ್ (ಚಿತ್ರದ ಹೊಳಪು) ಎಷ್ಟಿರಬೇಕು ಅಂದ್ರೆ ರಕ್ತ ಕಪ್ಪಗೆ ಕಾಣಬೇಕು, ಗೋಡೆ ಬೂದಿ ಕಾಣಬೇಕು, ಅಷ್ಟೇ. ಸುತ್ತ ಪರದೆ ಎಳೀರಿ, ಮೇಲಿನ ಟ್ಯೂಬ್‌ಲೈಟ್ ಆರಿಸೋಕ್ಕೆ ಸಿಸ್ಟರ್‌ಗೆ ಹೇಳಿ, ಅರ್ಧ ಜನ ಗೇನ್ ಜಾಸ್ತಿ ಮಾಡೋದು ಬೆಳಕು ಹೊಡೆಯೋದ್ರಿಂದ.

ಪೇಷಂಟ್ ತಿರುಗೋ ಸ್ಥಿತೀಲಿದ್ರೆ ಎಡಮಗ್ಗುಲಿಗೆ ತಿರುಗಿಸಿ, ಎಡಗೈ ತಲೆ ಕೆಳಗೆ. ಹಾಗೆ ಮಾಡಿದಾಗ ಹೃದಯ ಎದೆಗೋಡೆ ಹತ್ರ ಬರತ್ತೆ, ಶ್ವಾಸಕೋಶ ಪಕ್ಕಕ್ಕೆ ಸರಿಯತ್ತೆ. ಊರಿಂದ ಹೊಸದಾಗಿ ಬಂದವರು ಮೂರು ಮರಾಠಿ ವಾಕ್ಯ ಬಾಯಿಪಾಠ ಮಾಡ್ಕೊಳ್ಳಿ: "ಡಾವ್ಯಾ ಕುಶೀವರ ವಳಾ" ಅಂದ್ರೆ ಎಡಮಗ್ಗುಲಾಗಿ, "ಶ್ವಾಸ ಸೋಡಾ" ಅಂದ್ರೆ ಉಸಿರು ಬಿಡಿ, "ಶ್ವಾಸ ರೋಖೂನ ಧರಾ" ಅಂದ್ರೆ ಹಿಡ್ಕೊಳ್ಳಿ. ಹಿಂದಿಯಲ್ಲೂ ನಡೆಯತ್ತೆ, ಆದ್ರೆ ಎಪ್ಪತ್ತರ ಆಜಿಬಾಯಿಗೆ ಮರಾಠಿಯಲ್ಲಿ ಹೇಳಿ ನೋಡಿ, ಬಿಗಿ ಹಿಡ್ಕೊಂಡಿದ್ದ ಭುಜ ಸಡಿಲ ಆಗತ್ತೆ, ಚಿತ್ರಾನೂ ಸುಧಾರಿಸತ್ತೆ. ಹೆಂಗಸರಾದ್ರೆ ಸಿಸ್ಟರ್ ಜೊತೆಗಿರಲೇಬೇಕು, ಏನು ಮಾಡ್ತೀವಿ ಅಂತ ಮೊದಲೇ ಹೇಳಿ, ಮೇಲೆ ಬಟ್ಟೆ ಹೊದಿಸಿ ಬೇಕಾದಷ್ಟೇ ಜಾಗ ತೆಗೀರಿ, ಎದೆ ಸರಿಸಬೇಕಾದ್ರೆ ಅವರನ್ನೇ ಎತ್ತಿ ಹಿಡ್ಕೊಳ್ಳೋಕ್ಕೆ ಕೇಳಿ. ಅವರಿಗಾಗದಿದ್ರೆ ನಿಮ್ಮ ಕೈ ಹಿಂಭಾಗದಿಂದ ಮಾತ್ರ.

ಕೈ ಹೇಗಿರಬೇಕು

ಪ್ರೋಬನ್ನ ಪೆನ್ನು ಹಿಡಿದ ಹಾಗೆ ಹಿಡಿದು, ಕಿರುಬೆರಳು ಪೇಷಂಟ್ ಎದೆ ಮೇಲೆ ಊರಿ. ಊರದಿದ್ರೆ ಗಾಳೀಲಿ ಕೈ ಜಾರ್ತಾನೇ ಇರತ್ತೆ. ಚಲನೆ ನಾಲ್ಕೇ: ಜಾರಿಸೋದು, ವಾಲಿಸೋದು, ತಿರುಗಿಸೋದು, ಗುರುತಿನ ದಿಕ್ಕಿಗೆ ತೂಗೋದು. ಒಂದು ಸಲಕ್ಕೆ ಒಂದೇ ಮಾಡಿ. ಹೊಸಬರು ಚಿತ್ರ ಸಿಗ್ಲಿಲ್ಲ ಅಂದ ತಕ್ಷಣ ನಾಲ್ಕನ್ನೂ ಒಟ್ಟಿಗೆ ಮಾಡಿ, ಎಲ್ಲಿಂದ ಹೊರಟ್ವಿ ಅನ್ನೋದೇ ಮರೆತು ಹೋಗ್ತಾರೆ. ಮೊದಲು ಜಾರಿಸಿ ಕಿಟಕಿ ಹುಡುಕಿ, ಅಂದ್ರೆ ಪಕ್ಕೆಲುಬಿನ ನೆರಳು, ಶ್ವಾಸಕೋಶದ ಗಾಳಿ ಎರಡೂ ಅಡ್ಡ ಬರದ ಜಾಗ. ಸಿಕ್ಕ ಮೇಲೆ ಅಲ್ಲೇ ನಿಂತು ವಾಲಿಸಿ ತಿರುಗಿಸಿ. ಒತ್ತಡ ಜಾಸ್ತಿ ಬೇಡ, ಎಲುಬಿನ ಮೇಲೆ ಒತ್ತಿದ್ರೆ ಪೇಷಂಟ್ ಆಯೀ ಗ ಅಂತಾರೆ ಹೊರತು ಚಿತ್ರ ಸುಧಾರಿಸಲ್ಲ, ಜೆಲ್ ಜಾಸ್ತಿ ಹಾಕಿ.

ಮೊದಲ ನೋಟ: ಪ್ಲಾಕ್ಸ್

ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್, ಎಲ್ರೂ ಪ್ಲಾಕ್ಸ್ ಅಂತಾರೆ. ಅರ್ಧ ಉತ್ತರ ಇಲ್ಲೇ ಸಿಗೋದ್ರಿಂದ ಇದಕ್ಕೆ ಜಾಸ್ತಿ ಸಮಯ ಕೊಡಿ.

ಸ್ಟರ್ನಮ್ಮಿನ (ಎದೆ ನಡುವಿನ ಎಲುಬು) ಎಡ ಅಂಚು, ಮೂರನೇ ಇಲ್ಲಾ ನಾಲ್ಕನೇ ಪಕ್ಕೆಲುಬಿನ ಸಂದು, ಗುರುತು ಪೇಷಂಟಿನ ಬಲಭುಜದ ಕಡೆ. ಉಸಿರು ಬಿಟ್ಟು ಹಿಡ್ಕೊಳ್ಳೋಕ್ಕೆ ಹೇಳಿ. ಮೇಲಿಂದ ಕೆಳಕ್ಕೆ ಕಾಣೋದು: ಬಲ ವೆಂಟ್ರಿಕಲ್‌ನ (ರಕ್ತ ಹೊರಗೆ ತಳ್ಳೋ ಕೋಣೆ) ಒಂದು ಭಾಗ, ಸೆಪ್ಟಮ್ (ನಡುಗೋಡೆ), ಎಡ ವೆಂಟ್ರಿಕಲ್, ಬಲಕ್ಕೆ ಅಯೋರ್ಟಿಕ್ ವಾಲ್ವು, ಅದರ ಕೆಳಗೆ ಎಡ ಏಟ್ರಿಯಮ್ (ರಕ್ತ ಬಂದು ಸೇರೋ ಕೋಣೆ), ಮಧ್ಯದಲ್ಲಿ ಬಾಗಿಲಿನ ಹಾಗೆ ಬಡಿಯೋ ಮೈಟ್ರಲ್ ವಾಲ್ವ್. ಇನ್ನೂ ಕೆಳಗೆ ಏಟ್ರಿಯಮ್ಮಿನ ಹಿಂದೆ ಒಂದು ದುಂಡನೆ ಕಪ್ಪು ಉಂಗುರ ಕಾಣಬೇಕು, ಅದು ಡಿಸೆಂಡಿಂಗ್ ಅಯೋರ್ಟಾ, ಕೆಳಕ್ಕೆ ಇಳಿಯೋ ದೊಡ್ಡ ರಕ್ತನಾಳ. ಆ ಉಂಗುರ ಕಾಣದೆ ಡೆಪ್ತ್ ಕಮ್ಮಿ ಮಾಡಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ. ಹೃದಯ ಸ್ಕ್ರೀನಲ್ಲಿ ಅಡ್ಡಡ್ಡ ಮಲಗಿರಬೇಕು. ತುದಿ ಮೇಲಕ್ಕೆ ಎದ್ದಿದ್ರೆ ನೀವು ಕೆಳಗಿದ್ದೀರ ಅಂತ, ಒಂದು ಸಂದು ಮೇಲೆ ಹೋಗಿ.

ಪಂಪ್ ನೋಡೋದು ಕಣ್ಣಳತೇಲೇ. ಮೂರು ನೋಡಿ: ಗೋಡೆ ಒಳಗೆ ಬರ್ತಿದ್ಯಾ, ಬರುವಾಗ ದಪ್ಪ ಆಗ್ತಿದ್ಯಾ, ಮೈಟ್ರಲ್‌ನ ಮುಂದಿನ ಎಲೆ ತೆರೆದುಕೊಂಡಾಗ ಸೆಪ್ಟಮ್ಮಿಗೆ ತಾಗೋ ಅಷ್ಟು ಹತ್ರ ಹೋಗ್ತಿದ್ಯಾ. ಎಂ-ಮೋಡಲ್ಲಿ (ಒಂದೇ ಗೆರೆ ಮೇಲಿನ ಚಲನೆ ತೋರಿಸೋ ಮೋಡ್) ಆ ಎಲೆ ತುದಿಗೂ ಸೆಪ್ಟಮ್ಮಿಗೂ ಇರೋ ದೂರ 7 ಮಿಲಿಮೀಟರಿಗಿಂತ ಜಾಸ್ತಿ ಇದ್ರೆ ಪಂಪ್ ಕಮ್ಮಿ ಆಗಿರೋ ಸಾಧ್ಯತೆ ಇದೆ. ಆದ್ರೆ ಈ 7ರ ಲೆಕ್ಕ ನಮ್ಮ ಪೇಷಂಟ್‌ಗಳಲ್ಲಿ ಜಾಗ್ರತೆಯಿಂದ ಬಳಸಬೇಕು. ಮೈಟ್ರಲ್ ಸ್ಟೆನೋಸಿಸ್ (ವಾಲ್ವ್ ಕಿರಿದಾಗಿರೋದು) ಇದ್ರೆ ಎಲೆ ಸರಿಯಾಗಿ ತೆರೆದುಕೊಳ್ಳೋದೇ ಇಲ್ಲ, ಅಯೋರ್ಟಿಕ್ ವಾಲ್ವ್ ಸೋರ್ತಿದ್ರೆ ವಾಪಸ್ ಬರೋ ರಕ್ತ ಎಲೇನ ತಳ್ಳತ್ತೆ, ಪಂಪ್ ಸರಿ ಇದ್ರೂ ದೂರ ಜಾಸ್ತಿ ಬರತ್ತೆ. ಉತ್ತರ ಬರೆಯುವಾಗ ಇಎಫ್ (ಒಂದು ಬಡಿತಕ್ಕೆ ಹೊರಗೆ ಹೋಗೋ ರಕ್ತದ ಪಾಲು) 45 ಪರ್ಸೆಂಟ್ ಅಂತೆಲ್ಲ ಬರೀಬೇಡಿ. ಜೋರಾಗಿದೆ, ಸರಿ ಇದೆ, ಕಮ್ಮಿ ಇದೆ, ತುಂಬಾ ಕಮ್ಮಿ ಇದೆ, ಈ ನಾಲ್ಕರಲ್ಲಿ ಒಂದು. ಹಾರ್ಟ್ ರೇಟ್ 150 ಇದ್ದಾಗ ಕ್ಲಿಪ್ ಸೇವ್ ಮಾಡಿ ನಿಧಾನಕ್ಕೆ ಓಡಿಸಿ ನೋಡಿ, ಇಲ್ದಿದ್ರೆ ಕಣ್ಣು ಮೋಸ ಹೋಗತ್ತೆ.

ಮೈಟ್ರಲ್ ವಿಷಯ ಬಂತಲ್ಲ, ಒಂದು ಹಳೆ ಕಥೆ. ಹೃದಯದ ಅಲ್ಟ್ರಾಸೌಂಡ್ ಶುರುವಾಗಿದ್ದು 1953ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ, ಇಂಗೆ ಎಡ್ಲರ್ ಅನ್ನೋ ಡಾಕ್ಟ್ರು ಹೆಲ್ಮುತ್ ಹೆರ್ಟ್ಸ್ ಅನ್ನೋ ಫಿಸಿಕ್ಸಿನವರ ಜೊತೆ ಸೇರಿ. ಅವರು ಮೊದಲು ಎರವಲು ತಂದಿದ್ದು ಹಡಗು ಕಟ್ಟೋ ಯಾರ್ಡಿನಲ್ಲಿ ಲೋಹದಲ್ಲಿ ಬಿರುಕು ಹುಡುಕೋ ಮಷಿನ್ನು. ನಮ್ಮ ಮಝಗಾಂವ್ ಡಾಕಿಂದ ಮಷಿನ್ ಹೊತ್ತು ತಂದು ಪರೇಲಲ್ಲಿ ಪೇಷಂಟ್ ಎದೆ ಮೇಲೆ ಇಟ್ಟ ಹಾಗೆ ಲೆಕ್ಕ. ಎಡ್ಲರ್ ಹುಡುಕ್ತಿದ್ದಿದ್ದು ಆಪರೇಶನ್‌ಗೆ ಮುಂಚೆ ಮೈಟ್ರಲ್ ವಾಲ್ವ್ ಹೇಗಿದೆ ಅನ್ನೋದನ್ನ. ಸ್ವೀಡನ್ನಲ್ಲಿ ಈ ವಾಲ್ವನ್ನ ಕೆಡಿಸೋ ರುಮ್ಯಾಟಿಕ್ ಕಾಯಿಲೆ ಹೆಚ್ಚೂಕಮ್ಮಿ ಮಾಯ ಆಯ್ತು, ನಮ್ಮಲ್ಲಿ ಆಗ್ಲಿಲ್ಲ. ಹಾಗಾಗಿ ಉಸಿರು ಕಟ್ಟಿ ಬಂದ ಬಸುರಿ ಹೆಂಗಸು, ಇಪ್ಪತ್ತೈದು ವರ್ಷ, ಹಾರ್ಟ್ ರೇಟ್ 140, ಪ್ಲಾಕ್ಸಲ್ಲಿ ಮೈಟ್ರಲ್ ಎಲೆ ಹಾಕಿ ಆಟದ ಸ್ಟಿಕ್ಕಿನ ಹಾಗೆ ಬಾಗಿ ನಿಂತಿದೆ, ಎಡ ಏಟ್ರಿಯಮ್ ಬಲೂನ್ ಆಗಿದೆ ಅಂದ್ರೆ ಅಷ್ಟು ಸಾಕು, ಅಳತೆ ಬೇಡ, ಕಾರ್ಡಿಯಾಲಜಿಸ್ಟ್‌ಗೆ ಫೋನ್ ಮಾಡಿ.

ಎದೆನೋವಲ್ಲಿ ಬಂದವರಿಗೆ ಇಲ್ಲೇ ಅಯೋರ್ಟಾದ ಬುಡಾನೂ ಒಂದು ಸಲ ನೋಡ್ಬಿಡಿ. 4 ಸೆಂಟಿಮೀಟರಿಗಿಂತ ಅಗಲ ಇದೆ ಅಥವಾ ಒಳಗೆ ಪರದೆ ಥರ ಏನೋ ಅಲ್ಲಾಡ್ತಿದೆ ಅಂದ್ರೆ ಸಿಟಿಗೆ ಕಳಿಸಿ. ಪರದೆ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಡಿಸೆಕ್ಷನ್ (ಅಯೋರ್ಟಾದ ಗೋಡೆ ಸೀಳೋದು) ಇಲ್ಲ ಅಂತಲ್ಲ.

ನೀರು

ಈಗ ಆ ಕಪ್ಪು ಉಂಗುರದ ವಿಷಯ. ಹೃದಯದ ಹಿಂದೆ ಕಪ್ಪು ಪಟ್ಟಿ ಕಂಡ್ರೆ ಅದು ಪೆರಿಕಾರ್ಡಿಯಮ್ (ಹೃದಯದ ಸುತ್ತಲಿನ ಚೀಲ) ಒಳಗಿನ ನೀರಾ, ಎಡ ಶ್ವಾಸಕೋಶದ ಸುತ್ತ ಇರೋ ನೀರಾ? ಪಟ್ಟಿ ಡಿಸೆಂಡಿಂಗ್ ಅಯೋರ್ಟಾದ ಮುಂದೆ, ಅಂದ್ರೆ ಅಯೋರ್ಟಾಗೂ ಹೃದಯಕ್ಕೂ ನಡುವೆ ನುಗ್ಗಿದ್ರೆ ಹೃದಯದ್ದು. ಅಯೋರ್ಟಾದ ಹಿಂದೆ ಉಳಿದ್ರೆ ಪ್ಲೂರಾದ್ದು, ಅಂದ್ರೆ ಶ್ವಾಸಕೋಶದ ಪೊರೆಯದ್ದು. ಕಲಿಯೋ ಕಾಲದಲ್ಲಿ ನಾನು ಡೆಪ್ತ್ 11ಕ್ಕಿಟ್ಟು ದೊಡ್ಡ ಪೆರಿಕಾರ್ಡಿಯಲ್ ಎಫ್ಯೂಶನ್ ಅಂತ ಕೂಗಾಡಿ, ಸೂಜಿ ಹಾಕಿ ನೀರು ತೆಗೆಯೋ ಟ್ಯಾಪ್ ಟ್ರೇ ತೆಗೆಸಿ, ಮನೇಲಿ ಮಲಗಿದ್ದ ಸೀನಿಯರ್ ಮೇಡಮ್‌ನ ಎಬ್ಬಿಸಿ ಕರೆಸಿದ್ದೆ. ಅವರು ಬಂದು ಏನೂ ಮಾತಾಡದೆ ಡೆಪ್ತ್ 17ಕ್ಕೆ ತಂದ್ರು. ಅಯೋರ್ಟಾ ಕಾಣ್ತು, ನೀರು ಪೂರ್ತಿ ಅದರ ಹಿಂದೆ. ಸೂಜಿ ಹಾಕಿದ್ರೆ ನೇರ ಹೃದಯಕ್ಕೇ ಹೋಗ್ತಿತ್ತು. ಮೇಡಮ್ ಕೈ ತೊಳ್ಕೊಂಡು "ಚಹಾ ಮಾಗವ" (ಚಹಾ ತರಿಸು) ಅಂದ್ರು ಅಷ್ಟೇ, ಆ ಚಹಾ ದುಡ್ಡು ನಾನೇ ಕೊಟ್ಟೆ.

ಮುಂಭಾಗದಲ್ಲಿ ಮಾತ್ರ ತೆಳ್ಳಗೆ, ಒಳಗೆ ಸಣ್ಣ ಚುಕ್ಕೆಗಳಿದ್ದು ಹೃದಯದ ಜೊತೇನೇ ಅಲ್ಲಾಡೋ ಪಟ್ಟಿ ಸಾಮಾನ್ಯವಾಗಿ ಕೊಬ್ಬು. ನೀರನ್ನ ಡಯಾಸ್ಟೊಲ್‌ನಲ್ಲಿ (ಹೃದಯ ಸಡಿಲ ಆದಾಗ) ಅಳೀರಿ: 10 ಮಿಲಿಮೀಟರ್ ಒಳಗಿದ್ರೆ ಸಣ್ಣದು, 10ರಿಂದ 20 ಮಧ್ಯಮ, 20 ದಾಟಿದ್ರೆ ದೊಡ್ಡದು. ಆದ್ರೆ ಟ್ಯಾಂಪೊನಾಡ್ (ನೀರು ಹೃದಯವನ್ನ ಅದುಮಿ ಹಿಡಿಯೋದು) ಆಗೋದು ಗಾತ್ರಕ್ಕಿಂತ ವೇಗದಿಂದ. ಚಾಕು ಏಟಲ್ಲಿ 150 ಎಂಎಲ್ ಸಾಕು, ಟಿಬಿಯಲ್ಲಿ ನಿಧಾನಕ್ಕೆ ಲೀಟರ್ ತುಂಬಿದ್ರೂ ಮನುಷ್ಯ ನಡ್ಕೊಂಡು ಒಪಿಡಿಗೆ ಬರ್ತಾನೆ.

ಹಾಗೆ ಬಂದವರೊಬ್ಬರು ನೆನಪಾಗ್ತಾರೆ. ಕುಂದಾಪುರ ಕಡೆಯೋರು, ಇಲ್ಲಿ ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿ ಮುಂದೆ ಇಪ್ಪತ್ತು ವರ್ಷ ನಿಂತೋರು. ತಿಂಗಳಿಂದ ಸಂಜೆ ಜ್ವರ, ಪ್ಯಾಂಟು ಸಡಿಲ ಆಗಿದೆ, ಅಕ್ಕಪಕ್ಕದೋರು ಗ್ಯಾಸು ಅಂತ ಗುಳಿಗೆ ಕೊಡಿಸಿದ್ರು. ನಾನು ಕನ್ನಡದಲ್ಲಿ ಮಾತಾಡ್ಸಿದ ಮೇಲೆ "ರೂಮಿನ್ ಮೆಟ್ಲ್ ಹತ್ತುಕ್ ಆತಿಲ್ಲೆ ಡಾಕ್ಟ್ರೇ" ಅಂತ ಬಾಯಿ ಬಿಟ್ರು. ಪ್ರೋಬ್ ಇಟ್ರೆ ಹೃದಯ ನೀರಲ್ಲಿ ತೇಲೋ ಚೆಂಡಿನ ಹಾಗೆ ಆಚೆ ಈಚೆ ಹೊಯ್ದಾಡ್ತಿದೆ. ನಮ್ಮ ದೇಶದಲ್ಲಿ ಇಷ್ಟು ದೊಡ್ಡ ನೀರು ಕಂಡಾಗ ಟಿಬಿ ಪಟ್ಟಿಯಲ್ಲಿ ಮೊದಲಿರಬೇಕು. ಅವತ್ತೇ ಕಾರ್ಡಿಯಾಲಜಿಯವರು ನೀರು ತೆಗೆದ್ರು, ಅವರು ಈಗಲೂ ಕಾವಲಿ ಮುಂದೇನೇ ಇದ್ದಾರೆ.

ಒತ್ತಡ ಜಾಸ್ತಿ ಆಗ್ತಿದೆ ಅನ್ನೋದಕ್ಕೆ ಮೂರು ಸುಳಿವು: ಬಲ ಏಟ್ರಿಯಮ್ ಸಿಸ್ಟೊಲ್‌ನಲ್ಲಿ (ಹೃದಯ ಹಿಂಡುವಾಗ) ಒಳಕ್ಕೆ ಕುಸಿಯೋದು, ಬಲ ವೆಂಟ್ರಿಕಲ್ ಡಯಾಸ್ಟೊಲ್‌ನಲ್ಲಿ ಕುಸಿಯೋದು, ಐವಿಸಿ ಉಬ್ಬಿ ಅಲ್ಲಾಡದೆ ನಿಲ್ಲೋದು. ಮೊದಲನೇದು ಬೇಗ ಕಾಣತ್ತೆ, ಎರಡನೇದು ಕಂಡ್ರೆ ವಿಷಯ ಗಂಭೀರ. ಮೊದಲಿಂದಲೇ ಪಲ್ಮನರಿ ಪ್ರೆಶರ್ ಜಾಸ್ತಿ ಇರೋರಲ್ಲಿ ಬಲಗಡೆ ಗೋಡೆ ಗಟ್ಟಿ ಇರೋದ್ರಿಂದ ಕುಸಿಯದೇನೂ ಇರಬಹುದು. ಇಸಿಜಿ ಲೀಡ್ ಹಾಕಿದ್ರೆ ಸಿಸ್ಟೊಲ್ ಯಾವ್ದು ಡಯಾಸ್ಟೊಲ್ ಯಾವ್ದು ಅನ್ನೋ ಜಗಳ ಇರಲ್ಲ. ಕೊನೆಗೆ ಟ್ಯಾಂಪೊನಾಡ್ ಅಂತ ತೀರ್ಮಾನ ಮಾಡೋದು ಬಿಪಿ, ಪಲ್ಸ್, ಕುತ್ತಿಗೆ ನರ ಎಲ್ಲ ಸೇರಿಸಿ. ಇಂಥವರಿಗೆ ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸೋ ಔಷಧಿ) ಕೊಡಬೇಡಿ, ಗಡಿಬಿಡೀಲಿ ಟ್ಯೂಬ್ ಹಾಕಿ ವೆಂಟಿಲೇಟರಿಗೂ ಹಾಕಬೇಡಿ, ಎದೆ ಒಳಗಿನ ಒತ್ತಡ ಏರಿದ ಕೂಡ್ಲೇ ಇದ್ದ ಬಿಪಿನೂ ಹೋಗತ್ತೆ. ಹೃದಯದ ಆಪರೇಶನ್ ಆದವರಲ್ಲಿ ಹಿಂಭಾಗದಲ್ಲಿ ಹೆಪ್ಪುಗಟ್ಟಿದ ರಕ್ತ ನಮಗೆ ಕಾಣದೆ ಹೋಗಬಹುದು, ಅಲ್ಲಿ ನಮ್ಮ ಎಕೋ ನಂಬ್ಕೊಂಡು ಕೂರಬೇಡಿ.

ಎರಡನೇದು, ಮೂರನೇದು

ಪ್ಲಾಕ್ಸಲ್ಲಿ ನಿಂತಲ್ಲೇ ಪ್ರೋಬನ್ನ ಗಡಿಯಾರದ ದಿಕ್ಕಲ್ಲಿ 90 ಡಿಗ್ರಿ ತಿರುಗಿಸಿ, ಗುರುತು ಎಡಭುಜಕ್ಕೆ ಬರ್ಲಿ. ಇದು ಶಾರ್ಟ್ ಆಕ್ಸಿಸ್. ಎಡ ವೆಂಟ್ರಿಕಲ್ ಉದ್ದಿನವಡೆ ಥರ ದುಂಡಗೆ ಕಾಣಬೇಕು, ಒಳಗೆ ಎರಡು ಪ್ಯಾಪಿಲರಿ ಸ್ನಾಯು. ಸುತ್ತಲೂ ಒಂದೇ ಸಮ ಹಿಂಡ್ತಿದ್ಯಾ ನೋಡಿ. ದುಂಡು ಹೋಗಿ ಸೆಪ್ಟಮ್ ಕಡೆ ಚಪ್ಪಟೆ ಆಗಿ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಕಂಡ್ರೆ ಬಲಗಡೆ ಒತ್ತಡವೋ ತುಂಬುವಿಕೆಯೋ ಜಾಸ್ತಿ ಆಗಿದೆ ಅಂತ. ಪ್ರೋಬ್ ಓರೆ ಇದ್ರೂ ಹಾಗೇ ಕಾಣತ್ತೆ, ಆದ್ದರಿಂದ ಒಂದೇ ಚಿತ್ರ ನೋಡಿ ಹೇಳಬೇಡಿ.

ಎಪಿಕಲ್ ಫೋರ್ ಚೇಂಬರ್ ಎಲ್ಲಕ್ಕಿಂತ ಕಷ್ಟದ್ದು. ಹೃದಯದ ತುದಿ ಬಡಿಯೋ ಜಾಗ ಕೈಯಲ್ಲಿ ಮುಟ್ಟಿ ನೋಡಿ, ಅಲ್ಲಿಟ್ಟು ಗುರುತು ಪೇಷಂಟಿನ ಎಡಕ್ಕೆ, ಪ್ರೋಬಿನ ಮೂತಿ ಬಲಭುಜದ ಕಡೆ. ಸೆಪ್ಟಮ್ ನೇರ ನಿಲ್ಲಬೇಕು. ಒಂದು ಸಂದು ಮೇಲಿಟ್ರೆ ಹೃದಯ ಗಿಡ್ಡಗೆ ದುಂಡಗೆ ಕಾಣತ್ತೆ, ಪಂಪ್ ಇರೋದಕ್ಕಿಂತ ಚೆನ್ನಾಗಿರೋ ಹಾಗೆ ಅನ್ಸತ್ತೆ. ಬಲ ವೆಂಟ್ರಿಕಲ್ ಎಡದ ಮೂರನೇ ಎರಡು ಭಾಗ ಮೀರಬಾರದು. ಎರಡೂ ಸಮ ಆಗಿದ್ರೆ ಬಲಗಡೆ ಚೆನ್ನಾಗೇ ಉಬ್ಬಿದೆ. ಟ್ರೈಕಸ್ಪಿಡ್‌ನ (ಬಲಗಡೆ ಎರಡು ಕೋಣೆ ಮಧ್ಯದ ವಾಲ್ವ್) ಹೊರ ಅಂಚಿಗೆ ಎಂ-ಮೋಡ್ ಗೆರೆ ಹಾಕಿ ಅದು ಎಷ್ಟು ಮೇಲೆ ಕೆಳಗೆ ಹೋಗತ್ತೆ ಅಳೀರಿ, 17 ಮಿಲಿಮೀಟರಿಗಿಂತ ಕಮ್ಮಿ ಅಂದ್ರೆ ಬಲಗಡೆ ಪಂಪ್ ಸೋತಿದೆ.

ಬಲಗಡೆ ಉಬ್ಬಿದ್ದೆಲ್ಲ ಪಲ್ಮನರಿ ಎಂಬಾಲಿಸಮ್ (ಶ್ವಾಸಕೋಶದ ರಕ್ತನಾಳದಲ್ಲಿ ಕ್ಲಾಟ್ ಸಿಕ್ಕಿಕೊಳ್ಳೋದು) ಅಲ್ಲ. ಬೀಡಿ ಸೇದಿ ಸೇದಿ ಸಿಒಪಿಡಿ (ವರ್ಷಗಟ್ಟಲೆಯ ಶ್ವಾಸಕೋಶದ ಕಾಯಿಲೆ) ಮಾಡ್ಕೊಂಡ ಅಜ್ಜನಿಗೂ ಉಬ್ಬಿರತ್ತೆ, ವರ್ಷಗಟ್ಟಲೆ ಹೊಲಿಗೆ ಮಷಿನ್ ತುಳಿದ ಕಾಲಿನ ಹಾಗೆ ಅವರ ಬಲಗೋಡೆ ದಪ್ಪ ಆಗಿರತ್ತೆ. ಗೋಡೆ 5 ಮಿಲಿಮೀಟರಿಗಿಂತ ದಪ್ಪ ಇದ್ರೆ ಹಳೇ ಕಾಯಿಲೆ ಅಂತ ಯೋಚಿಸಿ. ಇನ್‌ಫೀರಿಯರ್ ಎಂಐ (ಹೃದಯದ ಕೆಳಗೋಡೆಯ ಹಾರ್ಟ್ ಅಟ್ಯಾಕ್) ಜೊತೆ ಬಲಗಡೆ ಸ್ನಾಯುನೂ ಸತ್ತಿದ್ರೆ ಇದೇ ಚಿತ್ರ, ಅದಕ್ಕೇ ಇಸಿಜಿ ಕೈಯಲ್ಲಿ ಇಟ್ಕೊಂಡೇ ಎಕೋ ಮಾಡಿ.

ಹೊಟ್ಟೆ ಕಡೆಯಿಂದ

ವೆಂಟಿಲೇಟರ್ ಮೇಲಿರೋರು, ಸಿಒಪಿಡಿಯೋರು, ಎದೆಗೆ ಬ್ಯಾಂಡೇಜ್ ಹಾಕಿರೋರು, ಇವರಲ್ಲಿ ಮೇಲಿನ ಯಾವ ನೋಟವೂ ಸಿಗದಿದ್ರೂ ಸಬ್‌ಕಾಸ್ಟಲ್ ಸಿಗತ್ತೆ. ಇಲ್ಲಿ ಮಾತ್ರ ಪೆನ್ನಿನ ಹಿಡಿತ ಬಿಟ್ಟು ಪ್ರೋಬನ್ನ ಮೇಲಿಂದ ಅಂಗೈ ಮುಚ್ಚಿ ಹಿಡೀರಿ, ಸ್ಟರ್ನಮ್ ಮುಗಿಯೋ ಜಾಗದ ಕೆಳಗೆ, ಗುರುತು ಪೇಷಂಟಿನ ಎಡಕ್ಕೆ, ಪ್ರೋಬ್ ಹೊಟ್ಟೆಗೆ ಹೆಚ್ಚೂಕಮ್ಮಿ ಮಲಗಿರಬೇಕು. ಮೊಣಕಾಲು ಮಡಚಿಸಿ, ಉಸಿರು ಎಳೆದು ಹಿಡಿಸಿ. ಸ್ವಲ್ಪ ಬಲಕ್ಕೆ ಸರಿದ್ರೆ ಲಿವರ್ ಒಳ್ಳೆ ಕಿಟಕಿ ಕೊಡತ್ತೆ, ಮಧ್ಯದಲ್ಲೇ ಇದ್ರೆ ಹೊಟ್ಟೆ ಗಾಳಿ ಅಡ್ಡ ಬರತ್ತೆ.

ಬಲ ಏಟ್ರಿಯಮ್ಮನ್ನ ಸ್ಕ್ರೀನ್ ನಡುವಿಗೆ ತಂದು ಗಡಿಯಾರದ ಉಲ್ಟಾ ದಿಕ್ಕಲ್ಲಿ 90 ಡಿಗ್ರಿ ತಿರುಗಿಸಿ, ಗುರುತು ತಲೆ ಕಡೆ. ಐವಿಸಿ ಉದ್ದಕ್ಕೆ ಕಾಣತ್ತೆ. ಅದು ಏಟ್ರಿಯಮ್ಮಿಗೆ ಸೇರೋದನ್ನ, ಲಿವರಿನ ರಕ್ತನಾಳ ಅದಕ್ಕೆ ಬಂದು ಕೂಡೋದನ್ನ ಕಣ್ಣಾರೆ ನೋಡಿ. ನೋಡದಿದ್ರೆ ಒಂದಲ್ಲ ಒಂದು ದಿನ ಅಯೋರ್ಟಾನೇ ಐವಿಸಿ ಅಂತ ಅಳೆದಿರ್ತೀರ. ಏಟ್ರಿಯಮ್ಮಿಂದ 2 ಸೆಂಟಿಮೀಟರ್ ಆಚೆ ಅಳೀರಿ. 2.1 ಸೆಂಟಿಮೀಟರ್ ಒಳಗಿದ್ದು, ಮೂಗಿಂದ ಜೋರಾಗಿ ಉಸಿರು ಎಳೆದಾಗ ಅರ್ಧಕ್ಕಿಂತ ಜಾಸ್ತಿ ಕುಗ್ಗಿದ್ರೆ ಬಲಗಡೆ ಪ್ರೆಶರ್ ಕಮ್ಮಿ, ಸುಮಾರು 3 ಎಂಎಂ ಮರ್ಕ್ಯುರಿ. ದೊಡ್ಡದಿದ್ದು ಕುಗ್ಗದಿದ್ರೆ ಜಾಸ್ತಿ, ಸುಮಾರು 15. ಮಧ್ಯದಲ್ಲಿರೋದೆಲ್ಲ ಮಧ್ಯ. ಈ ಲೆಕ್ಕ ತಾನಾಗಿ ಉಸಿರಾಡೋರಿಗೆ, ವೆಂಟಿಲೇಟರಲ್ಲಿ ಇದನ್ನೇ ಅಂಟಿಸಬೇಡಿ.

ಐವಿಸಿ ಸಣ್ಣ ಇದೆ ಅಂದ್ರೆ ಸಲೈನ್ ಕೊಡಿ ಅಂತ ಅರ್ಥ ಅಲ್ಲ. ಇದನ್ನ ನಾನು ಕಲಿತಿದ್ದು ಒಂದು ಜುಲೈನಲ್ಲಿ. ಇಪ್ಪತ್ತೆಂಟರ ಹುಡುಗ, ಡೆಲಿವರಿ ಕೆಲಸ, ನಾಲ್ಕು ದಿನ ಮೊಣಕಾಲುದ್ದ ನೀರಲ್ಲಿ ಓಡಾಡಿದಾನೆ, ಜ್ವರ, ಮೀನಖಂಡ ನೋವು, ಕಣ್ಣು ಕೆಂಪು, ಬಿಪಿ 80. ಐವಿಸಿ ಸಣ್ಣಗೆ ಕಂಡಿತು, ನಾನು ಖುಷಿಯಾಗಿ ಪ್ರೋಬ್ ತೆಗೆದು ಎರಡು ಲೀಟರ್ ಓಡಿಸಿದೆ. ಬೆಳಗಿನ ಜಾವ ಆಕ್ಸಿಜನ್ ಇಳಿದಾಗ ಪ್ಲಾಕ್ಸ್ ನೋಡಿದ್ರೆ ಎಡ ವೆಂಟ್ರಿಕಲ್ ಅಲ್ಲಾಡ್ತಾನೇ ಇಲ್ಲ ಅನ್ನೋ ಹಾಗಿದೆ, ಲೆಪ್ಟೊ (ಇಲಿ ಮೂತ್ರ ಸೇರಿದ ನೀರಿಂದ ಬರೋ ಜ್ವರ) ಹೃದಯದ ಸ್ನಾಯುಗೂ ಹೋಗಿತ್ತು. ಮೊದಲೇ ಪಂಪ್ ನೋಡಿದ್ರೆ ಅರ್ಧ ಲೀಟರಿಗೆ ನಿಲ್ಲಿಸಿ ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಶುರು ಮಾಡ್ತಿದ್ದೆ. ಹುಡುಗ ಹನ್ನೆರಡು ದಿನ ಇದ್ದು ಮನೆಗೆ ಹೋದ, ನನ್ನ ಪುಣ್ಯ. 2005ರ ಜುಲೈ 26ರ ಪ್ರವಾಹ ಆದ ಮೇಲೆ ಲೆಪ್ಟೊ ಹೇಗೆ ಹಬ್ಬಿತ್ತು ಅಂತ ಇಲ್ಲಿನ ಹಳೇ ಡಾಕ್ಟ್ರುಗಳನ್ನ ಕೇಳಿ ನೋಡಿ, ಅವತ್ತು ಬೆಡ್‌ಸೈಡಲ್ಲಿ ಎಕೋ ಇರ್ಲಿಲ್ಲ. ಡೆಂಗೀನೂ ಅಷ್ಟೇ, ರಕ್ತನಾಳ ಸೋರೋ ಹೊತ್ತಲ್ಲಿ ಐವಿಸಿ ಖಾಲಿ ಇರತ್ತೆ, ಸೋರಿದ ನೀರು ವಾಪಸ್ ಬರೋ ಹೊತ್ತಲ್ಲಿ ಅದೇ ಐವಿಸಿ ಉಬ್ಬತ್ತೆ, ಆಗಲೂ ಹಳೇ ಆರ್ಡರ್ ಪ್ರಕಾರ ಡ್ರಿಪ್ ಓಡ್ತಿದ್ರೆ ಶ್ವಾಸಕೋಶ ತುಂಬತ್ತೆ. ಹಾಗಾಗಿ ನನ್ನ ವಾರ್ಡಲ್ಲಿ ಐವಿಸಿ ಯಾವತ್ತೂ ಕೊನೇದು. ಅದಾದ ಮೇಲೆ ಅದೇ ಪ್ರೋಬಲ್ಲಿ ಎರಡೂ ಶ್ವಾಸಕೋಶ ಎರಡು ನಿಮಿಷ ನೋಡಿ, ಮೇಲಿಂದ ಕೆಳಕ್ಕೆ ಇಳಿಯೋ ಬಿಳಿ ಗೆರೆ ಎರಡೂ ಕಡೆ ತುಂಬಾ ಇದ್ರೆ ಸಲೈನ್ ಬಾಟಲಿಗೆ ಕೈ ಹಾಕಬೇಡಿ.

ಸಿಪಿಆರ್ ನಡೀತಿರುವಾಗ

ಪ್ರೋಬ್ ಇಡೋದು ಕಂಪ್ರೆಶನ್ ನಡೀತಿರುವಾಗಲೇ, ಸಬ್‌ಕಾಸ್ಟಲ್ ಜಾಗದಲ್ಲಿ. ಪಲ್ಸ್ ನೋಡೋಕ್ಕೆ ನಿಲ್ಲಿಸಿದ ಕೂಡ್ಲೇ ರೆಕಾರ್ಡ್ ಒತ್ತಿ, ಇನ್ನೊಬ್ಬರು ಒಂದರಿಂದ ಹತ್ತು ಜೋರಾಗಿ ಎಣಿಸಲಿ, ಹತ್ತಕ್ಕೆ ನಿಮಗೆ ಏನೂ ಕಾಣದಿದ್ರೂ ಕಂಪ್ರೆಶನ್ ಶುರು ಆಗಬೇಕು. ಕ್ಲಿಪ್ ಆಮೇಲೆ ನೋಡಿ. ಸ್ಕ್ರೀನ್ ನೋಡ್ತಾ ನಿಂತು ಇಪ್ಪತ್ತು ಸೆಕೆಂಡ್ ತಿನ್ನೋದು ಎಕೋ ಮಾಡೋರ ದೊಡ್ಡ ರೋಗ. ನೀರಿದ್ಯಾ, ಏನಾದ್ರೂ ಅಲ್ಲಾಡ್ತಿದ್ಯಾ, ಅಷ್ಟು ನೋಡಿ. ಯಾವ ಕಾರಣಕ್ಕೆ ನಿಂತ ಹೃದಯದಲ್ಲೂ ಬಲಗಡೆ ಉಬ್ಬಬಹುದು, ಅದೊಂದನ್ನೇ ನೋಡಿ ಕ್ಲಾಟ್ ಕರಗಿಸೋ ಇಂಜೆಕ್ಷನ್ ತರಿಸಬೇಡಿ.

ಬರೆಯೋದು, ಹೇಳೋದು, ಕಲಿಯೋದು

ನೋಟ್ಸಲ್ಲಿ ನಿಮ್ಮ ಪ್ರಶ್ನೆ, ಯಾವ ಯಾವ ನೋಟ ಸಿಕ್ತು, ಚಿತ್ರ ಹೇಗಿತ್ತು, ಉತ್ತರ ಏನು, ಅದ್ರಿಂದ ಟ್ರೀಟ್‌ಮೆಂಟಲ್ಲಿ ಏನು ಬದಲಾಯ್ತು, ಟೈಮು, ಹೆಸರು. "ಕಿಟಕಿ ಸಿಗಲಿಲ್ಲ, ಹೇಳಕ್ಕಾಗಲ್ಲ" ಅನ್ನೋದೂ ಒಂದು ರಿಪೋರ್ಟೇ, ನಾಚ್ಕೋಬೇಡಿ. ಮನೆಯವರಿಗೆ "ಎಕೋ ನಾರ್ಮಲ್" ಅಂತ ಬಾಯಿ ತಪ್ಪಿಯೂ ಹೇಳಬೇಡಿ, ಬೆಳಗ್ಗೆ ಪೂರ್ತಿ ಟೂಡಿ ಎಕೋ ಬರೆದಾಗ "ನಿನ್ನೆ ರಾತ್ರಿ ಆಯ್ತಲ್ಲಾ, ಮತ್ತೆ ಬಿಲ್ ಯಾಕೆ" ಅಂತ ಕೌಂಟರಲ್ಲಿ ಗಲಾಟೆ ಶುರು ಆಗತ್ತೆ. "ತುರ್ತಿಗೆ ಬೇಕಾದಷ್ಟು ಮಾತ್ರ ನೋಡಿದ್ದೀವಿ, ನಾಳೆ ಪೂರ್ತಿ ನೋಡ್ತಾರೆ" ಅಂತ ಹೇಳಿ.

ಎಷ್ಟು ಮಾಡಿದ್ರೆ ಬರತ್ತೆ ಅಂತ ಕೇಳ್ತೀರ. ಅಮೆರಿಕದ ಎಮರ್ಜೆನ್ಸಿ ವೈದ್ಯರ ಕಾಲೇಜು ಒಂದೊಂದು ಬಗೆಗೆ 25ರಿಂದ 50 ಅಂತ ಹೇಳತ್ತೆ. ನನ್ನ ಅನುಭವದಲ್ಲಿ ಸಂಖ್ಯೆಗಿಂತ ಮುಖ್ಯ ನಿಮ್ಮ ಉತ್ತರವನ್ನ ಬೆಳಗಿನ ಪೂರ್ತಿ ರಿಪೋರ್ಟ್ ಜೊತೆ ಒಂದು ಪುಸ್ತಕದಲ್ಲಿ ಅಕ್ಕಪಕ್ಕ ಬರ್ಕೊಳ್ಳೋದು. ಮಧ್ಯಾಹ್ನ ಎಕೋ ರೂಮಲ್ಲಿ ಟೆಕ್ನಿಶಿಯನ್ ಪಕ್ಕ ಒಂದು ಗಂಟೆ ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ, ಅವರ ಕೈ ನೋಡಿ, ಸ್ಕ್ರೀನಲ್ಲ. ಹಾಸ್ಟೆಲಲ್ಲಿ ರೂಮ್‌ಮೇಟ್ ಎದೆ ಮೇಲೆ ಪ್ರಾಕ್ಟೀಸ್ ಮಾಡೋ ಆಸೆ ಇದ್ರೆ ಆಸ್ಪತ್ರೆ ಒಳಗೆ, ಮಷಿನ್ ಇರೋ ಜಾಗದಲ್ಲೇ ಮಾಡಿ, ಮೇಲೆ ಹೇಳಿದ ಕಾಯ್ದೆ ನೆನಪಿರಲಿ.

ಮುಗಿದ ಮೇಲೆ ಪೇಷಂಟಿನ ಎದೆ ಮೇಲಿನ ಜೆಲ್ ನೀವೇ ಒರೆಸಿ, ಎಸಿಯಲ್ಲಿ ಅದು ಮಂಜುಗಡ್ಡೆ. ಪ್ರೋಬಿನ ಜೆಲ್ ಮೊದಲು ಬಟ್ಟೆಯಿಂದ ಪೂರ್ತಿ ತೆಗೆದು ಆಮೇಲೆ ಕ್ರಿಮಿನಾಶಕ ವೈಪ್, ಸಿಕ್ಕಿದ ಸ್ಪಿರಿಟ್ ಸುರೀಬೇಡಿ, ಪ್ರೋಬ್ ಮುಖದ ರಬ್ಬರ್ ಹಾಳಾಗಬಹುದು, ಕಂಪನಿ ಪುಸ್ತಕದಲ್ಲಿ ಬರೆದಿರೋ ವೈಪೇ ಬಳಸಿ. ಕೇಬಲ್ ಸುತ್ತಿ ಕೊಕ್ಕೆಗೆ ಹಾಕಿ, ಟ್ರಾಲಿ ಚಕ್ರ ಒಂದು ಸಲ ಅದರ ಮೇಲೆ ಹತ್ತಿದ್ರೆ ಪ್ರೋಬ್ ಕಥೆ ಮುಗೀತು. ಮಷಿನ್ನನ್ನ ಮೂಲೆಗೆ ತಳ್ಳಿ ಪ್ಲಗ್ ಹಾಕಿ ಸ್ವಿಚ್ ಆನ್ ಇದ್ಯಾ ನೋಡಿ ಹೋಗಿ, ಪ್ಲಗ್ ಹಾಕಿ ಸ್ವಿಚ್ ಹಾಕದೆ ಹೋದವರು ಯಾರು ಅಂತ ಮುಂದಿನ ರಾತ್ರಿ ಡ್ಯೂಟಿಯೋರಿಗೆ ಚೆನ್ನಾಗಿ ಗೊತ್ತಿರತ್ತೆ.